ಹುಲಿಯನ ವಿಷಯ

ಪ್ರೀತಿಯ ದೊರೆ,

ವರ್ಷ ಮುಗಿಯುವ ಮೊದಲು ಪಟ್ಟಿ ಕಳಿಸು ಅಂದಿದ್ದೆ. ವರ್ಷದ ಪುಸ್ತಕ, ವರ್ಷದ ಸಿನಿಮಾ, ವರ್ಷದ ಹಾಡು. ಮೊದಲೆಲ್ಲ ಇದು ನಮ್ಮಿಬ್ಬರ ನಡುವೆಯೇ ಇತ್ತು. ಆಮೇಲೆ ನೀನೇ "ನಾಲ್ಕು ಜನ ಓದಲಿ ಬಿಡೋ" ಅಂತ ಹೊರಗೆ ಹಾಕಿಸಿದೆ. ಈಗ ನಿನಗೆ ಬರೆಯುವಾಗಲೂ ಬೆನ್ನ ಹಿಂದೆ ಯಾರೋ ನಿಂತು ಓದುತ್ತಿದ್ದಾರೆ ಅನಿಸುತ್ತದೆ. ಇರಲಿ, ಅವರಿಗೂ ನಮಸ್ಕಾರ. ಛತ್ರಿಯ ಕಥೆ ಮಾತ್ರ ಅವರಿಗೆ ಹೇಳಬೇಡ.

2025ರಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಬಾನು ಮುಷ್ತಾಕ್. ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಅದಾದ ಮೇಲೆಯೇ ನಾನು ಓದಿದ್ದು. ದೀಪಾ ಭಾಸ್ತಿ 'ಹಾರ್ಟ್ ಲ್ಯಾಂಪ್' ಅಂತ ಇಂಗ್ಲಿಷಿಗೆ ತಂದಿರುವ ಆ 12 ಕಥೆಗಳು 1990ರಿಂದ 2023ರವರೆಗಿನವು. ಅಂದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಕನ್ನಡದಲ್ಲಿ ಬರೆಯುತ್ತಲೇ ಇದ್ದರು, ನಾನು ಒಂದೆರಡು ಕಥೆ ಬಿಟ್ಟರೆ ಏನೂ ಓದದೆ ಇದ್ದೆ. ಇದು ನನಗೆ ಬೇಜಾರಿನ ಸಂಗತಿ. ಕನ್ನಡದಲ್ಲೇ ಹುಡುಕಿ ಓದಿದೆ. 'ಕರಿ ನಾಗರಗಳು' ಓದಿದ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಗಂಡ ಕೈಬಿಟ್ಟ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳೋಕೆ ಮಸೀದಿಗೆ ಹೋಗಿ ಕೂರುತ್ತಾಳೆ, ಅಷ್ಟೇ ಕಥೆ. ಕೊನೆಗೆ ಮಸೀದಿ ನೋಡಿಕೊಳ್ಳುವ ಮುತವಲ್ಲಿಯ ಮೇಲೆ ಬೀಳುವ ಹೆಂಗಸರ ಶಾಪ ಇದೆಯಲ್ಲ, ಅದು ಇನ್ನೂ ಕಿವಿಯಲ್ಲಿದೆ. ಎರಡು ದಿನ ಬಿಟ್ಟು ಇದೇ ಕಥೆಯಿಂದ ಗಿರೀಶ ಕಾಸರವಳ್ಳಿ 2004ರಲ್ಲಿ ಮಾಡಿದ 'ಹಸೀನಾ' ನೋಡಿದೆ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಸಿನಿಮಾ. ಸಿನಿಮಾದಲ್ಲಿ ಮೌನ ಜಾಸ್ತಿ, ಕಥೆಯಲ್ಲಿ ಸಿಟ್ಟು ಜಾಸ್ತಿ. ನನಗೆ ಸಿಟ್ಟೇ ಹೆಚ್ಚು ಹಿಡಿಸಿತು. ನೀನು ಸಿನಿಮಾದ ಕಡೆ ನಿಲ್ಲುತ್ತೀಯ, ಗೊತ್ತು.

ಸಿನಿಮಾ ಅಂದರೆ ಈ ವರ್ಷ ನನಗೆ ಪಾಯಲ್ ಕಪಾಡಿಯಾ ಅವರ 'ಆಲ್ ವಿ ಇಮ್ಯಾಜಿನ್ ಆಸ್ ಲೈಟ್'. 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಪ್ರಶಸ್ತಿ ಬಂದ ಚಿತ್ರ. ಮುಂಬೈನ ಆಸ್ಪತ್ರೆಯೊಂದರ ನರ್ಸ್ ಪ್ರಭಾ. ಅವಳ ಗಂಡ ಜರ್ಮನಿಯಲ್ಲಿದ್ದಾನೆ, ಫೋನ್ ಕೂಡ ಮಾಡುವುದಿಲ್ಲ. ಒಂದು ದಿನ ಅಲ್ಲಿಂದ ಒಂದು ರೈಸ್ ಕುಕ್ಕರ್ ಬರುತ್ತದೆ. ಒಂದು ಕಾಗದವಿಲ್ಲ, ಹೆಸರಿಲ್ಲ. ರಾತ್ರಿ ಅವಳು ನೆಲದ ಮೇಲೆ ಕೂತು ಆ ಕುಕ್ಕರನ್ನು ತಬ್ಬಿಕೊಳ್ಳುತ್ತಾಳೆ. ಕನಿ ಕುಸೃತಿ ಆ ದೃಶ್ಯದಲ್ಲಿ ಒಂದು ಮಾತೂ ಆಡುವುದಿಲ್ಲ. ನಾನು ಸಿನಿಮಾ ನಿಲ್ಲಿಸಿ ಎದ್ದು ಹೋಗಿ ಮುಖ ತೊಳೆದು ಬಂದೆ.

ಆದರೆ ಇದು ಎರಡನೇ ಸಲ ನೋಡಿದಾಗ ಆದದ್ದು. ಮೊದಲನೇ ಸಲ ಹತ್ತು ನಿಮಿಷ ನೋಡಿ ಬಿಟ್ಟಿದ್ದೆ. ಬಿಟ್ಟವನು ಸುಮ್ನೆ ಇರಲಿಲ್ಲ, ನಿನಗೆ "ಅದ್ಭುತ ಕಣೋ" ಅಂತ ಮೆಸೇಜ್ ಹಾಕಿದೆ. ನೆನಪಿದೆಯಾ? ಆಗ ಇನ್ನೂ ಕುಕ್ಕರ್ ಬಂದಿರಲಿಲ್ಲ.

ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ ನಾನು. ಬರೆದಾಯಿತು, ಇನ್ನು ಪೂರ್ತಿ ಹೇಳಿಬಿಡುತ್ತೇನೆ.

ಹೋದ ವರ್ಷದ ಪಟ್ಟಿಯಲ್ಲಿ ಮೊದಲು ಯಾವ ಪುಸ್ತಕ ಇತ್ತು ಹೇಳು. 'ಮಲೆಗಳಲ್ಲಿ ಮದುಮಗಳು', ಅಲ್ವಾ? ಎಷ್ಟು ಚೆನ್ನಾಗಿ ಬರೆದಿದ್ದೆ ಅದರ ಬಗ್ಗೆ! ಕಾಡು, ಮಳೆ, ಎಲ್ಲ ಜೀವಕ್ಕೂ ಒಂದೇ ತೂಕ ಅಂತೆಲ್ಲ. ನೀನು ಅದನ್ನು ಓದಿ ಪುಸ್ತಕ ತೆಗೆದುಕೊಂಡೆ. ಎರಡು ತಿಂಗಳು ಕೂತು, ಆ ದೊಡ್ಡ ಕಾದಂಬರಿಯನ್ನು ಕೊನೆಯ ಪುಟದ ತನಕ ಓದಿದೆ. ಓದಿ ಮುಗಿಸಿದ ದಿನವೇ ನನಗೆ ಬರೆದೆ: ಹುಲಿಯನ ವಿಷಯ ಓದಿದ ಮೇಲೆ ಸುಧಾರಿಸಿಕೊಳ್ಳೋಕೆ ನಿನಗೆ ಎಷ್ಟು ದಿನ ಬೇಕಾಯಿತು, ಅಂತ.

ನಾನು ಏನು ಉತ್ತರ ಕೊಟ್ಟೆ? "ತುಂಬಾ ದಿನ ಕಣೋ."

ದೊರೆ, ನಾನು ಓದಿದ್ದು ಅರವತ್ತು ಪುಟ. ಹುಲಿಯ ಗೊತ್ತಿತ್ತು ನನಗೆ. ನಾಯಿಗುತ್ತಿಯ ಜೊತೆ ಶುರುವಿನಿಂದಲೇ ಬರುವ ಆ ದೊಡ್ಡ ನಾಯಿ. ಅದಕ್ಕೆ ಮುಂದೆ ಏನಾಗುತ್ತದೆ ಅಂತ ಗೊತ್ತಿರಲಿಲ್ಲ. ನೀನು ಅಷ್ಟು ನೋವಿನಿಂದ ಕೇಳಿದ್ದಕ್ಕೆ ಏನೋ ಕೆಟ್ಟದ್ದೇ ಆಗಿರಬೇಕು ಅಂತ ಊಹಿಸಿ ಉತ್ತರ ಬರೆದೆ. ನಿನ್ನ ದುಃಖವನ್ನು ನೋಡಿಕೊಂಡು ನನ್ನ ದುಃಖ ಬರೆದೆ. ಇಂಥ ಸುಳ್ಳು ನಾನು ಬೇರೆ ಯಾರಿಗೂ ಹೇಳಿಲ್ಲ. ನೀನು ನಂಬಿದೆ. ನಂಬಿ, "ಇದನ್ನು ನಿನ್ನ ಹತ್ರ ಮಾತ್ರ ಮಾತಾಡಬಹುದು" ಅಂದೆ. ಆ ಮಾತು ಎಂಟು ತಿಂಗಳು ನನ್ನನ್ನು ಚುಚ್ಚಿತು. ನಿನ್ನ ಎರಡು ಕರೆಗೆ ನಾನು ಉತ್ತರಿಸಲಿಲ್ಲವಲ್ಲ, ಕೆಲಸ ಇತ್ತು ಅಂದಿದ್ದೆ. ಕೆಲಸ ಇರಲಿಲ್ಲ. ಮತ್ತೆ ಆ ಪುಸ್ತಕದ ಮಾತು ಬರುತ್ತದೆ ಅಂತ ಭಯ ಇತ್ತು.

ಆ ದಿನಗಳಲ್ಲಿ ಕುಮಾರ ಗಂಧರ್ವರನ್ನು ಕೇಳುತ್ತಿದ್ದೆ. ಅವರ ನಿರ್ಗುಣಿ ಭಜನೆಗಳು, ಕಬೀರನವು. ಕೇಳುತ್ತಾ ಕೇಳುತ್ತಾ ಅವರ ಬದುಕಿನ ಬಗ್ಗೆಯೂ ಓದಿದೆ. 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ (ಅದೇ ಅವರ ಹುಟ್ಟುಹೆಸರು), ಚಿಕ್ಕ ಹುಡುಗನಾಗಿದ್ದಾಗ ದೊಡ್ಡ ದೊಡ್ಡ ಗಾಯಕರ ಗ್ರಾಮಫೋನ್ ಪ್ಲೇಟುಗಳನ್ನು ಕೇಳಿ ಹಾಗೇ ಹಾಡಿಬಿಡುತ್ತಿದ್ದನಂತೆ. ಜನ ಬೆರಗಾಗುತ್ತಿದ್ದರು. ಮುಂದೆ ಕ್ಷಯ ಬಂತು, ವರ್ಷಗಟ್ಟಲೆ ಹಾಸಿಗೆ. ಹಾಡಲೇಬಾರದು ಅಂದರು ಡಾಕ್ಟರು. ದೇವಾಸ್‌ನ ಮನೆಯಲ್ಲಿ ಮಲಗಿ ಮಾಳವದ ಜನಪದ ಹಾಡುಗಳನ್ನು ಕೇಳಿಸಿಕೊಂಡರು. ಎದ್ದು ಬಂದಾಗ ಕೆಲಸ ಮಾಡುತ್ತಿದ್ದದ್ದು ಒಂದೇ ಶ್ವಾಸಕೋಶ. ಉದ್ದುದ್ದ ಉಸಿರು ಹಿಡಿದು ಹಾಡುವುದು ಆಗದು. ಚಿಕ್ಕ ಚಿಕ್ಕ ತುಣುಕು, ನಡುವೆ ಬಿಡುವು, ಇದ್ದಕ್ಕಿದ್ದಂತೆ ಮೇಲೆ ಚಿಮ್ಮುವ ಸ್ವರ. ಅದು ಯಾವ ಪ್ಲೇಟಿನಲ್ಲೂ ಇರದ ದನಿ.

ಒಂದು ರಾತ್ರಿ ಅದನ್ನು ಕೇಳುತ್ತಾ ಅನಿಸಿತು. ಆ ಹುಡುಗ ಪ್ಲೇಟು ಕೇಳಿ ಹಾಡಿದ್ದಾದರೂ ಕಲಿಯುವುದಕ್ಕೆ. ನಾನು ಯಾರೋ ಮೆಚ್ಚಿದ್ದನ್ನು ಕೇಳಿ ಮೆಚ್ಚುತ್ತಿರುವುದು ಯಾತಕ್ಕೆ? ನಿನ್ನ ಕಣ್ಣಲ್ಲಿ ದೊಡ್ಡ ಓದುಗ ಆಗಿ ಉಳಿಯೋಕೆ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ. ನಮ್ಮಿಬ್ಬರ ನಡುವೆ ಪುಸ್ತಕ, ಹಾಡು ಬಿಟ್ಟರೆ ಮಾತಿಗೆ ಬೇರೆ ದಾರಿ ಕಡಿಮೆಯಾಗಿದೆ ಅಲ್ವಾ? ಓದದವನಾದರೆ ನಿನ್ನ ಹತ್ರ ಮಾತಾಡೋಕೆ ನನಗೆ ಏನಿರುತ್ತದೆ ಅನ್ನುವ ಹೆದರಿಕೆ ಅದು.

ಇಷ್ಟು ಸಾಕು. ಹಿಂದೆ ನಿಂತು ಓದುತ್ತಿರುವವರು ಕೆಮ್ಮುತ್ತಿದ್ದಾರೆ.

ಆಗಸ್ಟ್‌ನಲ್ಲಿ ಮದುಮಗಳನ್ನು ಮತ್ತೆ ಮೊದಲ ಪುಟದಿಂದ ಹಿಡಿದೆ. ಇಲ್ಲಿ ಅವಸರ ಕೂಡ ನಿಧಾನದ ಮೇಲೆ ಸವಾರಿ ಮಾಡುತ್ತದೆ ಅನ್ನುವ ಅರ್ಥದಲ್ಲಿ ಕುವೆಂಪು ಶುರುವಿನಲ್ಲೇ ಎಚ್ಚರಿಸಿದ್ದಾರೆ. 1967ರಲ್ಲೇ ಹೇಳಿಟ್ಟಿದ್ದಾರೆ ಪುಣ್ಯಾತ್ಮ, ಹಿಂದಿನ ಸಲ ನಾನು ಅದನ್ನೂ ಅವಸರದಲ್ಲೇ ದಾಟಿದ್ದೆ. ಈ ಸಲ ದಿನಕ್ಕೆ ಹತ್ತು ಪುಟ, ಕೆಲವು ದಿನ ನಾಲ್ಕು. ಐತ, ಪೀಂಚಲು, ತಿಮ್ಮಿ, ಎಲ್ಲರೂ ಒಂದೊಂದು ಸಂಜೆ ನನ್ನ ಜೊತೆ ಇದ್ದರು. ಕೊನೆಗೆ ಹೊಳೆ ಬಂತು. (ಓದದವರು ಒಂದೆರಡು ಸಾಲು ದಾಟಿಕೊಳ್ಳಿ.) ತುಂಬಿದ ಆ ನೀರಲ್ಲಿ ಗುತ್ತಿ ಹುಲಿಯನನ್ನು ಕಳೆದುಕೊಳ್ಳುವ ಪುಟಗಳನ್ನು ಓದಿದಾಗ ಮಧ್ಯರಾತ್ರಿ ದಾಟಿತ್ತು. ನಿನಗೆ ಆಗಲೇ ಫೋನ್ ಮಾಡಬೇಕು ಅನಿಸಿತು. ಯಾವ ಮುಖ ಇಟ್ಟುಕೊಂಡು ಮಾಡಲಿ? ನಾನು ಹೋದ ವರ್ಷವೇ ಅತ್ತು ಮುಗಿಸಿದ್ದೆನಲ್ಲ!

ಹಾಗಾಗಿ ಈಗ ಹೇಳುತ್ತೇನೆ. ನಾಲ್ಕು ದಿನ ಬೇಕಾಯಿತು. ನಾಲ್ಕೂ ದಿನ ತಲೆಯಲ್ಲಿ ಕೊರೆದದ್ದು ಒಂದೇ: ನಾಯಿ ಹೋದ ಮೇಲೂ ನಾಯಿಗುತ್ತಿಯ ಹೆಸರಿನಲ್ಲಿ ನಾಯಿ ಇದ್ದೇ ಇರುತ್ತದೆ. ಯಾರು ಕೂಗಿದರೂ ಅವನಿಗೆ ಅದು ಕೇಳಬೇಕು. ಇದನ್ನು ನೀನು ಗಮನಿಸಿದ್ದೆಯಾ? ಇದರ ಬಗ್ಗೆ ನಿನ್ನ ಹತ್ರ ಮಾತಾಡಬೇಕು. ಈ ಸಲ ನಿಜವಾಗಿ.

ಪಟ್ಟಿ ಇಷ್ಟೇ ಈ ವರ್ಷ. ಚಿಕ್ಕದು, ಆದರೆ ಎಲ್ಲದರ ಕೊನೆಯೂ ನನಗೆ ಗೊತ್ತು. ಒಂದು ಮಾತ್ರ ಬಾಕಿ: ಸೆಪ್ಟೆಂಬರ್‌ನಲ್ಲಿ ಭೈರಪ್ಪನವರು ಹೋದ ಮೇಲೆ 'ಮಂದ್ರ' ಹಿಡಿದಿದ್ದೇನೆ, ಅರ್ಧದಲ್ಲಿದೆ. ಅದರ ಗಾಯಕ ಮೋಹನಲಾಲನ ಮೇಲೆ ತುಂಬಾ ಸಿಟ್ಟು ಬಂದಿದೆ, ಅವನ ಹಾಡು ಕೇಳಬೇಕು ಅಂತಲೂ ಅನಿಸುತ್ತಿದೆ. ನೀನು ಓದಿದ್ದೀಯ ಅಂತ ಗೊತ್ತು. ಭಾನುವಾರ ಫೋನ್ ಮಾಡು, ಎತ್ತುತ್ತೇನೆ. ಕೊನೆ ಮಾತ್ರ ಹೇಳಬೇಡ.

ನಿನ್ನ,
ಹಿಂದಿನ ಸೀಟು