ರೂಸೋನ ಅಂಕಿ, ನಮ್ಮ ಪೇಟಿ

ಗೆಳೆಯ ಮಲ್ಲಣ್ಣ,

ಶರಣು ಶರಣಾರ್ಥಿ. ಭಜನಾ ಮಂಡಳಿಯ ಹುಡುಗರಿಗೆ ಸ ರಿ ಗ ಮ ಬದಲು 1 2 3 4 ಅಂತ ಬರೆದುಕೊಟ್ಟರೆ ಹೇಗೆ ಅಂತ ಕೇಳಿದ್ದಿ. ಇದನ್ನು 1742ರಲ್ಲೇ ಒಬ್ಬ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಓದಿ ಹೇಳಿದ್ದ. ಹೈಸ್ಕೂಲಿನ ಇತಿಹಾಸದಾಗ ‘ಸಾಮಾಜಿಕ ಒಪ್ಪಂದ, 1762’ ಅಂತ ಉರು ಹೊಡೆದೆವಲ್ಲ, ಅದೇ ರೂಸೋ. ಅವನು ಹಾಡು ಕಟ್ಟುತ್ತಿದ್ದ, ಸಂಗೀತದ ನಿಘಂಟು ಬರೆದ, ಬೇರೆಯವರ ಸಂಗೀತ ನಕಲು ಮಾಡಿಕೊಟ್ಟು ಪುಟದ ಲೆಕ್ಕದಲ್ಲಿ ದುಡ್ಡು ತೊಗೊಂಡು ಹೊಟ್ಟೆ ಹೊರೆದ. ಇದ್ಯಾವುದೂ ನಮ್ಮ ಪಾಠದಾಗ ಇರಲಿಲ್ಲ.

ಹುಟ್ಟಿದ್ದು 1712ರಲ್ಲಿ, ಜಿನೀವಾದಾಗ. ಒಬ್ಬ ಗುರುವಿನ ಹತ್ತಿರ ಕೂತು ಕ್ರಮವಾಗಿ ಕಲಿತವನಲ್ಲ. ಹರೆಯದಾಗ ಲೋಸಾನ್ ಊರಿಗೆ ಹೋಗಿ, ಹೆಸರು ಬದಲಿಸಿಕೊಂಡು, ‘ನಾ ಸಂಗೀತ ರಚನಕಾರ’ ಅಂತ ಹೇಳಿ, ಒಬ್ಬ ದೊಡ್ಡ ಮನುಷ್ಯನ ಮನೆಯ ಸಂಗೀತ ಕಛೇರಿಗೆ ಹದಿನೈದು ದಿನ ಕೂತು ಏನೋ ಬರೆದ. ಬಾರಿಸುವವರು ಬಾರಿಸಿದರು, ಕೇಳುವವರು ಕಿವಿ ಮುಚ್ಚಿಕೊಂಡರು. ಈ ಮಾನಗೇಡನ್ನು ತನ್ನ ಆತ್ಮಕಥೆಯಾಗ ತಾನೇ ಬರೆದಾನ. ಅಂಥವನು ಹನ್ನೆರಡು ವರ್ಷದ ಮೇಲೆ ಹೊಸ ಲಿಪಿ ಹಿಡಕೊಂಡು ಪ್ಯಾರಿಸ್ಸಿಗೆ ಬಂದ ಅಂದರ ಧೈರ್ಯ ನೋಡು!

ಅವನ ಪದ್ಧತಿ ನಿನಗೆ ಹೊಸದು ಅನಿಸೋದಿಲ್ಲ. 1 ಅಂದರೆ ಷಡ್ಜ, ನಮ್ಮ ‘ಸ’. ಯಾವ ಪಟ್ಟಿಯಲ್ಲಿ, ಅಂದರೆ ಯಾವ ಎತ್ತರದ ಶ್ರುತಿಯಲ್ಲಿ ಹಾಡಿದರೂ ಅದು 1. ಪಟ್ಟಿ ಯಾವುದು ಅಂತ ಮೊದಲಿಗೆ ಒಮ್ಮೆ ಬರೆದರೆ ಸಾಕು. ಅಂಕಿಯ ಮೇಲೆ ಚುಕ್ಕಿ ಇಟ್ಟರೆ ಮೇಲಿನ ಸಪ್ತಕ (ಏಳು ಸ್ವರದ ಗುಂಪು), ಕೆಳಗೆ ಇಟ್ಟರೆ ಕೆಳಗಿನದು. ಎಡದಿಂದ ಬಲಕ್ಕೆ ಏರುವ ಓರೆ ಗೆರೆ ಅಂಕಿಯನ್ನು ಸೀಳಿದರೆ ಸ್ವರ ಅರ್ಧ ಮೇಲೆ, ಇಳಿಯುವ ಗೆರೆ ಸೀಳಿದರೆ ಅರ್ಧ ಕೆಳಗೆ. ಅಂದರೆ ಏರುಗೆರೆಯ 4 ನಮ್ಮ ತೀವ್ರ ಮಧ್ಯಮ, ಇಳಿಗೆರೆಯ 3 ಕೋಮಲ ಗಾಂಧಾರ. ಒಂದು ಮಾತ್ರೆ (ತಾಳದ ಒಂದು ಎಣಿಕೆ) ಮುಗಿದಲ್ಲಿ ಅಲ್ಪವಿರಾಮ, ಆವರ್ತನ ಮುಗಿದಲ್ಲಿ ನಿಂತ ಗೆರೆ, ಸ್ವರವಿಲ್ಲದ ಜಾಗಕ್ಕೆ ಸೊನ್ನೆ.

ನೀನು ಎಡವುವ ಜಾಗ ಮೂರು. ಚುಕ್ಕಿಯನ್ನು ಅವನು ಸಪ್ತಕ ದಾಟಿದ ಮೊದಲ ಸ್ವರಕ್ಕೆ ಮಾತ್ರ ಇಡುತ್ತಾನೆ. ಮತ್ತೊಂದು ಚುಕ್ಕಿ ಬರೋತನಕ ಎಲ್ಲ ಸ್ವರವೂ ಅದೇ ಸಪ್ತಕದವು. ಹುಡುಗರು ಆ ಒಂದು ಚುಕ್ಕಿ ನೋಡದೆ ಹೋದರೆ ಇಡೀ ಸಾಲು ತಳಕ್ಕೆ ಬೀಳುತ್ತದೆ. ಹಿಂದೂಸ್ತಾನಿ ಸಂಗೀತ ಬರೆಯುವ ಭಾತಖಂಡೆ ಪದ್ಧತಿಯಂತೆ ಪ್ರತಿ ಸ್ವರಕ್ಕೂ ಚುಕ್ಕಿ ಹಾಕು, ಕೈ ನೋಯಲಿ. ಎರಡನೇದು ಸೊನ್ನೆ. ನಮ್ಮಲ್ಲಿ ತಾಳದ ಕೆಳಗೆ ಸೊನ್ನೆ ಬಂದರೆ ಖಾಲಿ, ಅಂದರೆ ಚಪ್ಪಾಳೆ ಇಲ್ಲದ ಜಾಗ. 2, 3 ಬಂದರೆ ತಾಳಿ, ಅಂದರೆ ಚಪ್ಪಾಳೆ. ಸ್ವರವೂ ಅಂಕಿ, ತಾಳವೂ ಅಂಕಿ ಆದರೆ ಎಂಟು ಮಾತ್ರೆಯ ಕಹರವಾ ತಾಳದಾಗ ಖಾಲಿ ಬರುವ ಐದನೇ ಮಾತ್ರೆಯಲ್ಲಿ ಅರ್ಧ ಹುಡುಗರು ಸುಮ್ಮನಾಗುತ್ತಾರೆ, ಇನ್ನರ್ಧ ಹಾಡುತ್ತಾರೆ. ತಾಳದ ಗುರುತು ಕೆಂಪು ಶಾಯಿಯಲ್ಲಿ ಬರಿ. ಇಲ್ಲಾ ಖಾಲಿಗೆ ‘ಖಾ’ ಅಂತ ಅಕ್ಷರ ಹಾಕು. ಮೂರನೇದು ಮೊಬೈಲ್. ಓರೆ ಗೆರೆ, ಚುಕ್ಕಿ, ಕೋಮಲ ಸ್ವರಕ್ಕೆ ನಾವು ಹಾಕುವ ಅಡಿಗೆರೆ ವಾಟ್ಸಾಪಿನಾಗ ಉಳಿಯೋದಿಲ್ಲ, ಸಾಲುಗಳೂ ಕಲಸಿಹೋಗುತ್ತವೆ. ಕಾಗದದ ಮೇಲೆ ಬರೆದು ಫೋಟೋ ತೆಗೆದು ಕಳಿಸು.

ಅಕಾಡೆಮಿ ಇದನ್ನು ಹೊಸದೂ ಅಲ್ಲ, ವಾದ್ಯಕ್ಕೆ ಉಪಯೋಗವೂ ಇಲ್ಲ ಅಂತ ತಳ್ಳಿಹಾಕಿತು. ಆದರೆ ಸರಿಯಾದ ಪೆಟ್ಟು ಕೊಟ್ಟವನು ಆ ಕಾಲದ ದೊಡ್ಡ ಸಂಗೀತಗಾರ ರಾಮೋ. ಪಾಶ್ಚಾತ್ಯರ ಐದು ಗೆರೆಯ ಲಿಪಿಯಲ್ಲಿ ಸ್ವರ ಏರಿದ್ದು ಇಳಿದದ್ದು ಕಣ್ಣಿಗೇ ಕಾಣುತ್ತದೆ. ಅಂಕಿಯಲ್ಲಿ ಒಂದೊಂದನ್ನೂ ಮನಸ್ಸು ಬಿಡಿಸಿ ಓದಬೇಕು, ಕೈಯ ವೇಗಕ್ಕೆ ಅದು ಹೊಂದೋದಿಲ್ಲ ಅಂದ. ಈ ಮಾತಿಗೆ ಉತ್ತರವಿಲ್ಲ ಅಂತ ರೂಸೋನೇ ಒಪ್ಪಿಕೊಂಡ. ನಮ್ಮ ಸರಿಗಮಕ್ಕೂ ಇದೇ ಕೊರತೆ ಇದೆ. ದ್ರುತ್ ಲಯದ ತಾನ್, ಅಂದರೆ ವೇಗದ ಸ್ವರಸಾಲು, ಯಾರೂ ಪುಸ್ತಕ ನೋಡಿ ಹಾಡೋದಿಲ್ಲ. ಭಜನೆಗೆ ಮಾತ್ರ ಈ ಆಕ್ಷೇಪ ತಟ್ಟೋದಿಲ್ಲ. ನಮ್ಮವರು ಕಿವಿಯಿಂದ ಕಲಿಯುತ್ತಾರೆ, ಕಾಗದ ನೆನಪಿಗೆ ಅಷ್ಟೇ. ಆ ಅಂಕಿ ಸಾಯಲೂ ಇಲ್ಲ. 19ನೇ ಶತಮಾನದಲ್ಲಿ ಫ್ರಾನ್ಸಿನವರೇ ಅದನ್ನು ತಿದ್ದಿ ಶಾಲೆಗೆ ತಂದರು. ಅಲ್ಲಿಂದ ಜಪಾನ್ ದಾಟಿ ಚೀನಾ ಸೇರಿತು. ಚೀನಾದಾಗ ಇಂದಿಗೂ ಎಷ್ಟೋ ಹಾಡಿನ ಪುಸ್ತಕಗಳು ಅಂಕಿಯಲ್ಲಿ ಅಚ್ಚಾಗುತ್ತವೆ.

ಇನ್ನು ಅವನ ಹಾಡು. 1752ರ ಅಕ್ಟೋಬರ್ 18ರಂದು ಫಾಂಟೆನ್‌ಬ್ಲೋ ಅರಮನೆಯಲ್ಲಿ, ಫ್ರಾನ್ಸಿನ ರಾಜ 15ನೇ ಲೂಯಿಯ ಮುಂದೆ ಅವನ ಸಂಗೀತ ನಾಟಕ ಆಯಿತು. ಹೆಸರು ‘ಲ ದೆವ್ಯಾಂ ದ್ಯು ವಿಲಾಜ್’, ಊರಿಗೆ ಕಣಿ ಹೇಳುವವನ ಕಥೆ. ಪಾತ್ರ ಮೂರೇ: ಒಬ್ಬ ಹುಡುಗ, ಒಬ್ಬ ಹುಡುಗಿ, ಕಣಿಯವ. ಸಾಹಿತ್ಯ, ಸಂಗೀತ ಎರಡೂ ರೂಸೋನದೇ. ಗಡ್ಡ ಬೋಳಿಸದೆ, ಬಾಚದ ವಿಗ್ ಹಾಕಿಕೊಂಡು ದರ್ಬಾರಿನವರ ನಡುವೆ ಕೂತಿದ್ದ. ನಾಟಕ ಗೆದ್ದಿತು; ರಾಜ ಮರುದಿನ ಕರೆದ, ಮಾಸಾಶನದ ಮಾತಿತ್ತು. ರೂಸೋ ಹೋಗಲೇ ಇಲ್ಲ. ಮೂತ್ರದ ಕಾಯಿಲೆಯಿಂದ ಎಲ್ಲಿ ಮಾನ ಹೋದೀತೋ ಅನ್ನುವ ಅಂಜಿಕೆ ಒಂದು, ರಾಜನ ಅನ್ನ ತಿಂದರೆ ಬಾಯಿ ಕಟ್ಟುತ್ತದೆ ಅನ್ನುವುದು ಇನ್ನೊಂದು. ಮುಂದಿನ ವರ್ಷವೇ ಫ್ರೆಂಚರಿಗೆ ಸಂಗೀತವೇ ಇಲ್ಲ ಅಂತ ಬರೆದು, ಆಪೆರಾದಲ್ಲಿ ತನಗಿದ್ದ ಪುಕ್ಕಟೆ ಪ್ರವೇಶವನ್ನೂ ಕಳೆದುಕೊಂಡ. ತನ್ನ ನಾಟಕ ಇದ್ದದ್ದೂ ಫ್ರೆಂಚಿನಾಗೇ ಅನ್ನೋದು ಮರೆತಿದ್ದನೇನೋ.

ಅವನ ವಾದ ಮಾತ್ರ ನಮ್ಮ ತತ್ವಪದದವರಿಗೆ ಹಿಡಿಸುವಂಥದ್ದು. ಮಾತೂ ಹಾಡೂ ಮೂಲದಲ್ಲಿ ಒಂದೇ. ಹಾಡಿನ ಜೀವ ಒಂದೇ ಎಳೆಯ ಧಾಟಿಯಲ್ಲಿದೆ. ಹಲವು ಸ್ವರ ಒಟ್ಟಿಗೆ ನುಡಿಸುವುದು ಆ ಎಳೆಗೆ ಊಳಿಗ ಮಾಡಬೇಕೇ ಹೊರತು ಅದನ್ನು ಮುಚ್ಚಬಾರದು. ತತ್ವಪದಕಾರ ಕಡಕೋಳ ಮಡಿವಾಳಪ್ಪನ ಪದವನ್ನು ಏಕತಾರಿ ಮೇಲೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರೀಕ್ಷೆ ಮಾಡಬೇಕಂದರೆ ಅವನ ‘ಕ ಲ ಝೂರ್ ಮ ದ್ಯೂರ್’ ತೊಗೋ. ನೀನಿಲ್ಲದ ಹಗಲು ಎಷ್ಟು ಉದ್ದ ಅನ್ನುವ ವಿರಹದ ಪದ. ಇಡೀ ಹಾಡಿಗೆ ಮೂರೇ ಸ್ವರ: ಸ, ರಿ, ಗ. ಪೇಟಿಯಲ್ಲಿ, ಅಂದರೆ ಹಾರ್ಮೋನಿಯಂನಲ್ಲಿ, ಮೊದಲ ಕರಿ ಮನೆಗೆ (ಕರಿ ಒಂದು) ಷಡ್ಜ ಇಟ್ಟರೆ ರಿಷಭ ಕರಿ ಎರಡು, ಗಾಂಧಾರ ಬಿಳಿ ನಾಲ್ಕು. ಬೆರಳು ಜಾಗ ಬಿಟ್ಟು ಕದಲಬೇಕಾಗಿಲ್ಲ. ಜೊತೆಗೆ ಷಡ್ಜದ ಶ್ರುತಿ ಒಂದೇ ಸಾಕು. ಪಂಚಮ ಸೇರಿಸಿ ಮೂರು ಮನೆ ಒಟ್ಟಿಗೆ ಒತ್ತಿದಿಯೋ, ಮೂರು ಸ್ವರದ ಹಾಡು ಅದರಡಿ ಮುಳುಗುತ್ತದೆ. ಗಾಳಿ ಊದುವ ಭಾತೆ ಮೆಲ್ಲಗೆ, ಒಂದೇ ಸಮ ಇರಲಿ. ಸ್ವರ ಕಡಿಮೆ ಇದ್ದಷ್ಟೂ ಗಾಳಿಯ ಏರುಪೇರು ಹೆಚ್ಚು ಕೇಳಿಸುತ್ತದೆ.

ನಕಲಿನ ಬಗ್ಗೆ ಒಂದು ಮಾತು. ನಕಲುಗಾರ ಎಷ್ಟು ನುರಿತವನೋ ಅವನ ಕಾಗದದಿಂದ ಹಾಡುವುದು ಅಷ್ಟು ಸಲೀಸು; ಯಾಕೆ ಅಂತ ಹಾಡುವವನಿಗೆ ಗೊತ್ತೂ ಆಗಬಾರದು ಅಂತ ರೂಸೋ ತನ್ನ ನಿಘಂಟಿನಾಗ ಬರೆದ. ತನ್ನ ಕೈ ಮಾತ್ರ ಹಾಗಿರಲಿಲ್ಲ. ಬರೆಯುವುದಕ್ಕಿಂತ ಕೆರೆದು ಅಳಿಸುವುದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ, ಮೂಲದ ಜೊತೆ ತಾಳೆ ನೋಡದಿದ್ದರೆ ಹಾಡು ಕೆಟ್ಟೇ ಕೆಡುತ್ತದೆ ಅಂತ ತಾನೇ ಹೇಳಿಕೊಂಡಾನ. ಹಾಗಾಗಿ ನಿನ್ನ ಹಾಳೆಗಳನ್ನು ಜೆರಾಕ್ಸಿಗೆ ಕೊಡುವ ಮೊದಲು ಒಬ್ಬ ಮೂಲದಿಂದ ಸ್ವರ ಓದಲಿ, ಇನ್ನೊಬ್ಬ ನಕಲಿನ ಮೇಲೆ ಬೆರಳಿಟ್ಟು ಬರಲಿ. ಪ್ರತಿ ಸಾಲಿನ ಮಾತ್ರೆ ಎಣಿಸಿ. ಕಹರವಾದಲ್ಲಿ ಎಂಟಕ್ಕೆ ಒಂದು ಕಮ್ಮಿ ಬಂದರೆ ತಪ್ಪು ಆ ಸಾಲಿನಾಗೇ ಇದೆ. ಪದದ ಅಕ್ಷರ ಸ್ವರದ ನೇರ ಕೆಳಗೇ ಬರಲಿ. ಪಲ್ಲವಿ ಒಂದು ಪುಟದಾಗೇ ಮುಗಿಯಲಿ, ತಾಳ ಹಿಡಿದ ಕೈ ಹಾಳೆ ತಿರುವಲಾರದು.

ಮೊದಲ ಹಾಳೆ ಆದ ಮೇಲೆ ಫೋಟೋ ಕಳಿಸು, ಚುಕ್ಕಿ ನೋಡಿಕೊಡುತ್ತೇನೆ.

ನಿನ್ನ ಗೆಳೆಯ,
ಕಲಬುರಗಿಯಿಂದ