ನೇಪಾಳದ ಸಂಬಳ: ಬಿಲ್ಲಿನ ಹಿಂಬದಿಯಲ್ಲಿ ಹಾಕಿದ ಲೆಕ್ಕ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಚಕರ ಕಾಲಂನಲ್ಲಿ ಒಬ್ಬರು ಬರೆದಿದ್ದರು. ನೇಪಾಳದಲ್ಲಿ ಸಂಬಳ ನಮ್ಮ ಅರ್ಧದಷ್ಟೂ ಇಲ್ಲವಂತೆ, ಅದಕ್ಕೇ ಅಲ್ಲಿಯವರು ಇಲ್ಲಿಗೆ ಬಂದು ಕಡಿಮೆಗೆ ದುಡಿಯುತ್ತಾರಂತೆ, ಅದರಿಂದ ನಮ್ಮ ಹುಡುಗರ ಸಂಬಳವೂ ಏರುವುದಿಲ್ಲವಂತೆ. ನಾನು ಉಡುಪಿಯ ಕಲ್ಸಂಕದ ಹತ್ತಿರ ಒಂದು ಸಣ್ಣ ಹೋಟೆಲ್ ನಡೆಸುವವ. ಆರು ಟೇಬಲ್, ಎಂಟು ಜನ ಕೆಲಸದವರು. ಅದರಲ್ಲಿ ಇಬ್ಬರು ನೇಪಾಳದವರು. ಹಾಗಾಗಿ ಓದಿ ಸುಮ್ನೆ ಕೂರಲಿಕ್ಕೆ ಆಗಲಿಲ್ಲ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. 1978ರಲ್ಲಿ ಏಳನೇ ಕ್ಲಾಸು ಮುಗಿಸಿ ಬೊಂಬಾಯಿ ಬಸ್ಸು ಹತ್ತಿದವ ನಾನು. ಆಗ ಕೊಂಕಣ ರೈಲು ಎಲ್ಲಿತ್ತು? ಅಲ್ಲೊಂದು ಉಡುಪಿ ಹೋಟೆಲಿನಲ್ಲಿ ಮೊದಲು ಕ್ಲೀನರ್, ಆಮೇಲೆ ಬಾಹರ್‌ವಾಲಾ, ಅಂದರೆ ಆಫೀಸು ಅಂಗಡಿಗಳಿಗೆ ಚಾ ಹೊತ್ತುಕೊಂಡು ಹೋಗುವವ. ತಿಂಗಳಿಗೆ 45 ರೂಪಾಯಿ. ಊಟ ಹೋಟೆಲಿನದು, ಹಾಸಿಗೆಯೂ ಹೋಟೆಲಿನದೇ ಬೆಂಚು. ರಾತ್ರಿ ಕನ್ನಡ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿ ಕಟ್ಟಿದೆ, ಎರಡನೇ ಸಲಕ್ಕೆ ಪಾಸಾಯಿತು. ಅಲ್ಲಿಯವರಿಗೆ ನಾವೆಲ್ಲ ‘ಮದ್ರಾಸಿ’ಗಳು. ನಾವು ಬಂದು ಅವರ ಮಕ್ಕಳ ಕೆಲಸ ಕಿತ್ತುಕೊಂಡೆವು ಅಂತ 1960ರ ದಶಕದಲ್ಲಿ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದದ್ದನ್ನು ನಮ್ಮ ಭಟ್ರು ಕಡುಬು ಬೇಯಿಸುತ್ತಾ ಹೇಳುತ್ತಿದ್ದರು. ಕಳೆದ ವಾರದ ಪತ್ರ ಓದುವಾಗ ನನಗೆ ಆ ಅಡುಗೆಮನೆಯೇ ನೆನಪಾಯಿತು.

ಈಗ ನನ್ನ ಹೋಟೆಲಿನ ಹುಡುಗನ ವಿಷಯ. ನೇಪಾಳದ ಪಶ್ಚಿಮದ ತುದಿಯ ಅಛಾಮ್ ಜಿಲ್ಲೆಯವ. ಗುಡ್ಡ ಇಳಿದು ಧನಗಢಿಗೆ ಬಂದು, ಗಡಿ ದಾಟಿ, ದೆಹಲಿಗೆ ಬಂದು, ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಉಡುಪಿಯ ಇಂದ್ರಾಳಿ ಸ್ಟೇಷನ್ನಿನಲ್ಲಿ ಇಳಿದವ. ಮೊದಲ ಆರು ತಿಂಗಳು ನಾವೆಲ್ಲ ಅವನನ್ನು ‘ಬಹಾದ್ದೂರ್’ ಅಂತಲೇ ಕರೆದೆವು. ಒಂದು ದಿನ ಅವನೇ ಮೆಲ್ಲಗೆ ಹೇಳಿದ, ‘ಸಾಹುಜಿ, ಅದು ನನ್ನ ಹೆಸರಲ್ಲ.’ ಸಾಹುಜಿ ಅಂದರೆ ಅವರ ಭಾಷೆಯಲ್ಲಿ ಯಜಮಾನ. ನನಗೆ ಸರೀ ನಾಚಿಕೆ ಆಯಿತು. ‘ಮದ್ರಾಸಿ’ ಅಂತ ಕರೆಸಿಕೊಂಡವನಲ್ಲವೇ ನಾನು. ಈಗ ಅವನು ಗಿರಾಕಿಗಳಿಗೆ ‘ದಾದ ಬೋಡು?’, ಏನು ಬೇಕು ಅಂತ ತುಳುವಿನಲ್ಲೇ ಕೇಳುತ್ತಾನೆ.

ಪತ್ರ ಬಂದ ದಿನ ಮಧ್ಯಾಹ್ನದ ಊಟದ ರಶ್ ಮುಗಿದ ಮೇಲೆ ಗಲ್ಲಾದಲ್ಲಿ ಕೂತು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಅವನು ಊರಲ್ಲಿದ್ದ, ಫೋನಿನಲ್ಲೇ ಕೇಳಿದೆ. ಅವರು ನಮ್ಮ ರೂಪಾಯಿಗೆ ಐಸಿ ಅಂತಾರೆ, ಅವರದಕ್ಕೆ ಎನ್‌ಸಿ. ನಮ್ಮ ನೂರಕ್ಕೆ ಅವರ ನೂರ ಅರುವತ್ತು. 1993ರಿಂದ ಇದೇ ದರ, ಏರುವುದೂ ಇಲ್ಲ, ಇಳಿಯುವುದೂ ಇಲ್ಲ. 2025ರ ಜುಲೈಯಿಂದ ನೇಪಾಳದಲ್ಲಿ ಕನಿಷ್ಠ ಸಂಬಳ ತಿಂಗಳಿಗೆ 19,550 ಎನ್‌ಸಿ. ಚಹಾ ತೋಟ ಬಿಟ್ಟರೆ ಇಡೀ ದೇಶಕ್ಕೆ ಒಂದೇ ದರ. ನಮ್ಮ ಹಣದಲ್ಲಿ ಸುಮಾರು 12,200 ರೂಪಾಯಿ ಆಯಿತು. ನಮ್ಮಲ್ಲಿ ಇಡೀ ದೇಶಕ್ಕೆ ಅಂತ ಇದ್ದದ್ದು ದಿನಕ್ಕೆ 178 ರೂಪಾಯಿಯ ತಳದರ. ಅದು 2019ರಲ್ಲಿ ಹೇಳಿದ ಸಂಖ್ಯೆ, ರಾಜ್ಯಗಳು ಅದನ್ನು ಪಾಲಿಸಲೇಬೇಕೆಂದೂ ಇರಲಿಲ್ಲ. 26 ದಿನಕ್ಕೆ ಗುಣಿಸಿದರೆ 4,628 ರೂಪಾಯಿ. ಕರ್ನಾಟಕದಲ್ಲಿ ಕಸುಬಿಗೊಂದು, ವಲಯಕ್ಕೊಂದು ದರ, ಏಪ್ರಿಲ್‌ಗೊಮ್ಮೆ ತುಟ್ಟಿಭತ್ಯೆ ಸೇರಿಸಿ ಮಾಡುತ್ತಾರೆ. ಅದು 178ಕ್ಕಿಂತ ಎಷ್ಟೋ ಜಾಸ್ತಿ, ನಿಜ. ಆದರೆ ದೇಶಕ್ಕೆ ದೇಶ ಹೋಲಿಸುವುದಾದರೆ ಕಾಗದದಲ್ಲಿ ನೇಪಾಳದ ಕನಿಷ್ಠ ಸಂಬಳ ನಮ್ಮ ಎರಡೂವರೆ ಪಟ್ಟಿಗೂ ಮೇಲೆ! ‘ಅರ್ಧ’ ಅನ್ನುವ ಲೆಕ್ಕ ಆ ಓದುಗರಿಗೆ ಎಲ್ಲಿಂದ ಬಂತು ಅಂತ ನನ್ನ ಊಹೆ ಒಂದುಂಟು. ತಲಾ ಆದಾಯದಲ್ಲಿ ನಾವು ಅವರ ಹತ್ತಿರ ಹತ್ತಿರ ಎರಡು ಪಟ್ಟು. ತಲಾ ಆದಾಯ ಅಂದರೆ ಸಂಬಳ ಅಲ್ಲ ಮಾರಾಯ್ರೆ. ಅಂಬಾನಿಯನ್ನೂ ನನ್ನನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ನಾನೂ ಕೋಟ್ಯಧಿಪತಿ.

ನಾನು ಹುಡುಗನಿಗೆ 16,000 ಕೊಡುತ್ತೇನೆ, ಊಟ ಮತ್ತು ರೂಮು ಬೇರೆ. ಬ್ರಹ್ಮಾವರದ ಸಪ್ಲೈಯರ್‌ಗೂ ಅಷ್ಟೇ. ಇವನು ತಿಂಗಳಿಗೆ 12,000 ಮನೆಗೆ ಕಳಿಸುತ್ತಾನೆ. ಅದು 19,200 ಎನ್‌ಸಿ, ಅವರ ದೇಶದ ಕನಿಷ್ಠ ಸಂಬಳಕ್ಕೆ 350 ಕಡಿಮೆ ಅಷ್ಟೇ. ‘ಮತ್ತೆ ಯಾಕೆ ಇಷ್ಟು ದೂರ ಬಂದೆ? ಅಲ್ಲೇ ಇರಬಹುದಿತ್ತಲ್ವಾ?’ ಅಂತ ಕೇಳಿದೆ. ಅವನು ನಕ್ಕ. ‘ಆ ಸಂಬಳದ ಕೆಲಸ ಸಿಗಬೇಕಲ್ಲ ಸಾಹುಜಿ.’ ಧನಗಢಿಯ ಒಂದು ಹೋಟೆಲಿನಲ್ಲಿ ಅವನಿಗೆ 9,000 ಎನ್‌ಸಿ ಸಿಗುತ್ತಿತ್ತಂತೆ, ಅದೂ ಎರಡು ತಿಂಗಳಿಗೊಮ್ಮೆ. ಅಲ್ಲಿ ರಿಜಿಸ್ಟರ್ ಇರಲಿಲ್ಲ.

ಇನ್ನು ಅವರು ಕಡಿಮೆಗೆ ದುಡಿಯುತ್ತಾರೆ ಅನ್ನುವ ಮಾತು. ನನ್ನ ಹೋಟೆಲಿನಲ್ಲಿ ಇಲ್ಲ. ಆದರೆ ನಮ್ಮಂಥ ಮಾಲೀಕರಿಗೆ ಇವರು ಯಾಕೆ ಇಷ್ಟ ಅಂತ ಸತ್ಯ ಹೇಳುತ್ತೇನೆ. ಇವರು ರಜೆ ಕೇಳುವುದಿಲ್ಲ. ಬ್ರಹ್ಮಾವರದವನಿಗೆ ಮನೆಯ ಕೋಲ ಉಂಟು, ಅಕ್ಕನ ಸೀಮಂತ ಉಂಟು, ಯಕ್ಷಗಾನ ನೋಡಿ ಬಂದ ಮರುದಿನ ತಲೆನೋವು ಉಂಟು. ಅಛಾಮಿನವನಿಗೆ ಮನೆಗೆ ಹೋಗಿ ಬರಲಿಕ್ಕೇ ವಾರ ಬೇಕು. ಹಾಗಾಗಿ ಹನ್ನೊಂದು ತಿಂಗಳು ಇಲ್ಲೇ. ಬೆಳಿಗ್ಗೆ ಐದಕ್ಕೆ ಶಟರ್ ಎತ್ತುವವನೂ ಅವನೇ, ರಾತ್ರಿ ಹತ್ತಕ್ಕೆ ಕಾವಲಿ ತೊಳೆಯುವವನೂ ಅವನೇ. ಸಂಬಳ ಒಂದೇ, ಗಂಟೆ ಒಂದೇ ಅಲ್ಲ. ಇದನ್ನು ನಾನು ಬಹಳ ದಿನ ಲೆಕ್ಕಕ್ಕೇ ಹಿಡಿದಿರಲಿಲ್ಲ. ಈಗ ಮಂಗಳವಾರ ಮಧ್ಯಾಹ್ನದ ಮೇಲೆ ಇಬ್ಬರಿಗೂ ಬಿಡುವು ಕೊಡುತ್ತೇನೆ. ಮಲ್ಪೆಗೆ ಹೋಗಿ ಸಮುದ್ರ ನೋಡಿ ಬರುತ್ತಾರೆ.

ಕಳೆದ ದಸರಾಕ್ಕೆ ಮೊದಲು ಇನ್ನೊಂದು ವಿಷಯ ಆಯಿತು. ಹುಡುಗ ಬಂದು ‘ದಶೈಂ ಖರ್ಚು’ ಕೇಳಿದ. ಅವರ ದೊಡ್ಡ ಹಬ್ಬ ಅದು. ನೇಪಾಳದ 2017ರ ಕಾರ್ಮಿಕ ಕಾಯಿದೆಯಲ್ಲಿ ವರ್ಷಕ್ಕೊಮ್ಮೆ ಹಬ್ಬಕ್ಕೆ ಒಂದು ತಿಂಗಳ ಮೂಲ ಸಂಬಳ ಕೊಡಬೇಕಂತ ಉಂಟಂತೆ. ನನಗೆ ಸಿಟ್ಟು ಬಂತು. ‘ಅದು ನಿಮ್ಮ ದೇಶದ ಕಾನೂನು, ಇಲ್ಲಿ ಯಾವ ಕಾನೂನು?’ ಅಂದೆ. ಹೇಳಿದ್ದೇನೋ ಹೇಳಿದೆ, ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ನನ್ನ ಲೆಕ್ಕಪತ್ರ ನೋಡುವವರ ಹತ್ತಿರ ಕೇಳಿದೆ. ನಮ್ಮಲ್ಲೂ ಅದೇ ಉಂಟಂತೆ! ವರ್ಷದ ಸಂಬಳದ ಕನಿಷ್ಠ 8.33 ಶೇಕಡಾ ಬೋನಸ್ ಕೊಡಬೇಕು ಅಂತ 1965ರ ಬೋನಸ್ ಕಾಯಿದೆಯಲ್ಲಿ ಇತ್ತು, 2025ರ ನವೆಂಬರಿನಿಂದ ಅದು ಹೊಸ ವೇತನ ಸಂಹಿತೆಯೊಳಗೆ ಸೇರಿದೆ. ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ ಒಂದು ಮಿತಿ ಉಂಟು, ಆದರೂ ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಹತ್ತಿರ ಹತ್ತಿರ ಒಂದು ತಿಂಗಳ ಸಂಬಳ. ಆದರೆ 20 ಜನ ಇದ್ದರೆ ಮಾತ್ರ. ಪಿಎಫ್‌ಗೂ 20. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆ 10, ಆಸ್ಪತ್ರೆ ಖರ್ಚಿನ ವಿಮೆ ಇಎಸ್‌ಐಗೂ 10. ನನ್ನಲ್ಲಿ ಎಂಟು ಜನ, ನನಗೆ ಒಂದೂ ತಾಗುವುದಿಲ್ಲ. ಒಂಬತ್ತಕ್ಕೇ ನಿಲ್ಲಿಸಿ ಹತ್ತನೆಯವನನ್ನು ಪುಸ್ತಕದ ಹೊರಗೆ ಇಡುವ ಜಾಣ ಮಾಲೀಕರು ಈ ಊರಲ್ಲಿ ಎಷ್ಟು ಮಂದಿ ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ನೇಪಾಳದ ಆ ಕಾಯಿದೆಗೆ ಜನರ ಲೆಕ್ಕ ಇಲ್ಲ. ಒಬ್ಬನೇ ಕೆಲಸದವನಿದ್ದರೂ ತಾಗುತ್ತದೆ. ಗ್ರಾಚ್ಯುಟಿ ಮೊದಲ ದಿನದಿಂದ. ಪಿಎಫ್‌ಗೆ ಇಬ್ಬರ ಕಡೆಯಿಂದಲೂ ಹತ್ತು ಹತ್ತು ಶೇಕಡಾ. ಬಡ ದೇಶ ಅಂತ ನಾವು ಮೂಗು ಮುರಿಯುವ ಊರಿನ ಕಾನೂನು ಇದು. ಆದರೆ ಆ ಕಾನೂನು ಹುಡುಗನಿಗೆ ಅಲ್ಲಿ ಸಿಗಲಿಲ್ಲ, ಯಾಕೆಂದರೆ ಧನಗಢಿಯಲ್ಲಿ ಅವನು ಯಾವ ಪುಸ್ತಕದಲ್ಲೂ ಇರಲಿಲ್ಲ. ಇಲ್ಲಿ ಪುಸ್ತಕದಲ್ಲಿದ್ದಾನೆ, ನಮ್ಮ ಕಾನೂನು ಎಂಟು ಜನರ ಹೋಟೆಲನ್ನು ಎಣಿಸುವುದಿಲ್ಲ. ಗಲ್ಫ್‌ಗೆ ಹೋದರೂ ನೇಪಾಳದವನಿಗೆ ಅವರ ಸರಕಾರದ ಲೇಬರ್ ಪರ್ಮಿಟ್ ಬೇಕು, ಅದರ ಜೊತೆ ವಿಮೆ ಬರುತ್ತದೆ. ಭಾರತಕ್ಕೆ 1950ರ ಒಪ್ಪಂದದಿಂದಾಗಿ ವೀಸಾ ಬೇಡ, ಪರ್ಮಿಟ್ ಬೇಡ. ಹಾಗಾಗಿ ಆ ವಿಮೆಯೂ ಇಲ್ಲ. ಎರಡು ದೇಶದ ಸಂಬಳ ಹೋಲಿಸುವವರು ಇದನ್ನು ಯಾವ ಕಾಲಂನಲ್ಲಿ ಹಾಕುತ್ತಾರೆ?

ಅದೇ ಓದುಗರು ಭಾರತದಲ್ಲಿ ಅಸಮಾನತೆ ನೇಪಾಳಕ್ಕಿಂತ ಕಡಿಮೆ ಅಂತಲೂ ಬರೆದಿದ್ದರು. ಗಿನಿ ಸೂಚ್ಯಂಕದ ಪ್ರಕಾರ ಅದು ಸರಿ. ಸೊನ್ನೆ ಅಂದರೆ ಎಲ್ಲರೂ ಸಮ, ನೂರು ಅಂದರೆ ಎಲ್ಲ ಒಬ್ಬನದೇ. 2022-23ಕ್ಕೆ ವಿಶ್ವ ಬ್ಯಾಂಕಿನ ಪಟ್ಟಿಯಲ್ಲಿ ನಮ್ಮದು 25.5. ಅದೇ ವರ್ಷದ ನೇಪಾಳದ ಸರ್ವೆಯಲ್ಲಿ ಅವರದು 30. ಆದರೆ ಇವೆರಡೂ ಖರ್ಚಿನ ಲೆಕ್ಕ, ಆದಾಯದ್ದಲ್ಲ. ನಾನು ಹೋಟೆಲಿನವ, ಹೋಟೆಲಿನ ಭಾಷೆಯಲ್ಲೇ ಹೇಳುತ್ತೇನೆ. ನನ್ನಲ್ಲಿಗೆ ದೊಡ್ಡ ಕಾರಿನಲ್ಲಿ ಬರುವವರೂ ಒಂದು ಮಸಾಲೆ ದೋಸೆ ತಿನ್ನುತ್ತಾರೆ, ರಿಕ್ಷಾದವರೂ ಒಂದು ಮಸಾಲೆ ದೋಸೆ ತಿನ್ನುತ್ತಾರೆ. ದೋಸೆ ಎಣಿಸಿದರೆ ಇಬ್ಬರೂ ಸಮ. ಕಾರಿನವರ ಉಳಿದ ಹಣ ಮಣಿಪಾಲದ ಫ್ಲ್ಯಾಟಿಗೆ, ಷೇರಿಗೆ, ಚಿನ್ನಕ್ಕೆ ಹೋಗುತ್ತದೆ. ಅದು ನನ್ನ ಬಿಲ್ ಪುಸ್ತಕದಲ್ಲಿ ಕಾಣುವುದಿಲ್ಲ. ಆದಾಯ ಹಿಡಿದು ಲೆಕ್ಕ ಹಾಕಿದ 2022ರ ವಿಶ್ವ ಅಸಮಾನತೆ ವರದಿಯಲ್ಲಿ ನಮ್ಮ ದೇಶದ ಮೇಲಿನ ಹತ್ತು ಶೇಕಡಾ ಜನರ ಪಾಲು ಒಟ್ಟು ಆದಾಯದ 57 ಶೇಕಡಾ, ಕೆಳಗಿನ ಅರ್ಧ ಜನರದ್ದೆಲ್ಲ ಸೇರಿ 13.

ನೇಪಾಳದ 30 ಕೂಡ ಹಾಗೆಯೇ. 2010-11ರಲ್ಲಿ 32.8 ಇದ್ದದ್ದು ಇಳಿದಿದೆ. ಹೊರಗೆ ದುಡಿಯುವ ಮಕ್ಕಳು ಕಳಿಸಿದ ಹಣ ಅಲ್ಲಿ ನಾಲ್ಕರಲ್ಲಿ ಮೂರು ಮನೆಗೆ ಮುಟ್ಟುತ್ತದೆ. ಸಂಖ್ಯೆ ಇಳಿಯಿತು, ಸಿಟ್ಟು ಇಳಿಯಲಿಲ್ಲ. 2025ರ ಸೆಪ್ಟೆಂಬರ್ 8 ಮತ್ತು 9ರಂದು ಕಠ್ಮಂಡುವಿನಲ್ಲಿ ಹುಡುಗರು ಸರಕಾರದ ವಿರುದ್ಧ ಬೀದಿಗೆ ಇಳಿದಾಗ ಏನಾಯಿತು ಅಂತ ಎಲ್ಲರೂ ಓದಿದ್ದೀರಿ. ಸರಕಾರ ಸೋಷಿಯಲ್ ಮೀಡಿಯಾ ಬಂದ್ ಮಾಡಿದ್ದು ಒಂದು ನೆಪ. ರಾಜಕಾರಣಿಗಳ ಮಕ್ಕಳ ಮೆರೆದಾಟದ ಫೋಟೋಗಳು ಅದಕ್ಕೂ ಮೊದಲೇ ಹುಡುಗರ ಫೋನಿನಲ್ಲಿ ಸುತ್ತುತ್ತಿದ್ದವು. ನನ್ನ ಹುಡುಗರಿಬ್ಬರೂ ಆ ರಾತ್ರಿ ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಫೋನ್ ಒರಗಿಸಿಟ್ಟು ಪಾರ್ಲಿಮೆಂಟ್ ಉರಿಯುವುದನ್ನು ನೋಡಿದರು. ನಾನು ಬಯ್ಯಲಿಲ್ಲ.

ದಶೈಂ ಖರ್ಚು ಕೊಟ್ಟೆ. ಎಂಟೂ ಜನರಿಗೆ ಒಂದೊಂದು ತಿಂಗಳ ಸಂಬಳ. ಸಾಲ ಮಾಡಿಯೇ ಕೊಟ್ಟದ್ದು, ಹೇಳಿಕೊಳ್ಳಲಿಕ್ಕೆ ಏನಿಲ್ಲ. ಹೆಂಡತಿ ಒಂದು ವಾರ ಸರಿ ಮಾತಾಡಲಿಲ್ಲ. ಮುಂದಿನ ವರ್ಷ ಆಗುತ್ತದೋ ನೋಡಬೇಕು. ನಮ್ಮಂಥ ಸಣ್ಣ ಹೋಟೆಲಿನವರಿಗೆ ಗ್ಯಾಸು, ಬಾಡಿಗೆ, ಎಣ್ಣೆ ಎಲ್ಲ ಏರಿ ಕೂತಿದೆ. ನನ್ನ ಮಗನಂತೂ ದೋಹಾದಲ್ಲಿದ್ದಾನೆ, ಗಲ್ಲಾದಲ್ಲಿ ಕೂರಲು ಬರುವುದಿಲ್ಲ ಅಂತ ಹೇಳಿಬಿಟ್ಟಿದ್ದಾನೆ. ಅವನ ಕ್ಯಾಂಪಿನಲ್ಲೂ ನೇಪಾಳದವರೇ ಜಾಸ್ತಿಯಂತೆ.

ಹುಡುಗ ಹಬ್ಬಕ್ಕೆ ಊರಿಗೆ ಹೋದವ ತಿಹಾರ್, ಅಂದರೆ ಅವರ ದೀಪಾವಳಿ, ಮುಗಿಸಿ ಬರುತ್ತೇನೆ ಅಂದಿದ್ದ, ಇನ್ನೂ ಬಂದಿಲ್ಲ. ನಿನ್ನೆ ಫೋನ್ ಮಾಡಿ, ತಮ್ಮನನ್ನೂ ಕರೆದುಕೊಂಡು ಬರಲಾ ಅಂತ ಕೇಳಿದ. ತಮ್ಮನಿಗೆ 15 ವರ್ಷ. ಅವನು ಹತ್ತನೇ ಪರೀಕ್ಷೆ ಮುಗಿಸಲಿ, ಆಮೇಲೆ ನೋಡುವ ಅಂದೆ. ‘ಆಯ್ತು ಸಾಹುಜಿ’ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಟಿಕೆಟ್ ಎರಡು ಮಾಡಿಸಿ ಆಗಿದೆ ಅಂತಲೂ ಹೇಳಿದ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಹೋಟೆಲಿನವ
ಕಲ್ಸಂಕ, ಉಡುಪಿ