ವಚನಕ್ಕೂ ಮೊದಲು ಮಣ್ಣನ್ನು ಓದಿಸಿ

ಮಾನ್ಯರೇ,

ಬೇಸಿಗೆ ರಜೆಯಲ್ಲಿ ಕೋಲಾರ, ಕೆಜಿಎಫ್ ಭಾಗದ ದೇವಶಾಸ್ತ್ರ ಮತ್ತು ಇತಿಹಾಸ ವಿದ್ಯಾರ್ಥಿಗಳಿಗೆ ಬೈಬಲ್ ಪುರಾತತ್ತ್ವದ ಕಿರು ಕೋರ್ಸು ನಡೆಸುವ ಆಸೆಯಿರುವ ವಿದ್ವಾಂಸರಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಮಾತು ಹೇಳಬೇಕಿದೆ. ಪರದೆಯ ಮೇಲೆ ಯೆರೂಸಲೇಮಿನ ಚಿತ್ರ, ಅದರ ಪಕ್ಕ ಬೈಬಲಿನ ಒಂದು ವಚನ, 'ನೋಡಿ, ರುಜುವಾತಾಯಿತು' ಎಂಬ ವಿವರಣೆ: ಇಷ್ಟರಲ್ಲೇ ದಿನಗಳು ಕಳೆದರೆ ವಿದ್ಯಾರ್ಥಿಯ ಕೈಗೆ ಪ್ರಮಾಣಪತ್ರ ಬರುತ್ತದೆ, ವಿದ್ಯೆ ಬರುವುದಿಲ್ಲ. ಮೊದಲು ಮಣ್ಣು ಓದುವುದನ್ನು ಕಲಿಸಿ. ಅದಕ್ಕೆ ಇಸ್ರೇಲಿಗೆ ಹೋಗಬೇಕಿಲ್ಲ, ಕೋಲಾರದ ಮಣ್ಣೇ ಸಾಕು.

ಯೆಹೋಶುವನ ಮುಂದೆ ಕುಸಿದುಬಿತ್ತೆಂದು ಬೈಬಲ್ ಹೇಳುವ ಯೆರಿಕೋ ಗೋಡೆಯೊಂದನ್ನೇ ಇಟ್ಟುಕೊಂಡು ಇಡೀ ದಿನ ಪಾಠ ಮಾಡಬಹುದು. ಬ್ರಿಟಿಷ್ ಪುರಾತತ್ತ್ವಜ್ಞ ಜಾನ್ ಗಾರ್‌ಸ್ಟಾಂಗ್ 1930ರಿಂದ 1936ರವರೆಗೆ ಅಲ್ಲಿ ಅಗೆಸಿದರು. ಕುಸಿದುಬಿದ್ದ ಹಸಿ ಇಟ್ಟಿಗೆಯ ಗೋಡೆ ಸಿಕ್ಕಿತು. ಯೆಹೋಶುವನ ಕಾಲದಲ್ಲಿ ಬಿದ್ದದ್ದು ಇದೇ, ಕಾಲ ಸುಮಾರು ಕ್ರಿ.ಪೂ. 1400 ಎಂದರು. 1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಅದೇ ದಿಬ್ಬವನ್ನು ಮತ್ತೆ ಅಗೆದಾಗ ಆ ಗೋಡೆ ಅದಕ್ಕಿಂತ ಸುಮಾರು ಸಾವಿರ ವರ್ಷ ಹಿಂದಿನದೆಂದು ತಿಳಿಯಿತು. ಗಾರ್‌ಸ್ಟಾಂಗ್ ಮೋಸ ಮಾಡಿದವರಲ್ಲ. ದಿಬ್ಬದ ಮೇಲಿನ ಪದರಗಳು ಬಹುಮಟ್ಟಿಗೆ ಕೊಚ್ಚಿಹೋಗಿದ್ದರಿಂದ ಹಳೆಯ ಗೋಡೆ ಮೇಲಕ್ಕೇ ಕಾಣುತ್ತಿತ್ತು, ಮನಸ್ಸಿನಲ್ಲಿ ವಚನ ಮೊದಲೇ ಕುಳಿತಿತ್ತು. ಕೆನ್ಯನ್ ನೋಡಿದ್ದು ಬೇರೆ: ಯಾವ ಪದರ ಗೋಡೆಗೆ ಬಂದು ತಾಗುತ್ತದೆ, ಯಾವ ಪದರವನ್ನು ಗೋಡೆಯ ಪಾಯ ಕತ್ತರಿಸಿಕೊಂಡು ಇಳಿದಿದೆ. ತಾಗಿದ ಪದರ ಗೋಡೆಗಿಂತ ಈಚಿನದು, ಪಾಯ ಕತ್ತರಿಸಿದ ಪದರ ಹಿಂದಿನದು.

ಕೆನ್ಯನ್ ಈ ಕೆಲಸ ಕಲಿತದ್ದು 1930ರ ದಶಕದಲ್ಲಿ, ಇಂಗ್ಲೆಂಡಿನ ವೆರುಲೇಮಿಯಮ್‌ನಲ್ಲಿ, ಮಾರ್ಟಿಮರ್ ಮತ್ತು ಟೆಸ್ಸಾ ವ್ಹೀಲರ್ ದಂಪತಿಯ ಬಳಿ. ಅದೇ ಮಾರ್ಟಿಮರ್ ವ್ಹೀಲರ್ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾಗಿ 1947ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗೆಸಿದರು. ಹಾಗಾಗಿ ಬ್ರಹ್ಮಗಿರಿಯ ಗುಂಡಿಯೂ ಯೆರಿಕೋದ ಗುಂಡಿಯೂ ಒಂದೇ ಗರಡಿಯವು. ವ್ಹೀಲರ್ ಎಡವಿದ್ದನ್ನೂ ಮಕ್ಕಳಿಗೆ ಹೇಳಬೇಕು. ಬ್ರಹ್ಮಗಿರಿಯ ನವಶಿಲಾಯುಗದ ಕಲ್ಲುಕೊಡಲಿ ಜನರನ್ನು ಅವರು ಕ್ರಿ.ಪೂ. ಮೊದಲನೆಯ ಸಹಸ್ರಮಾನಕ್ಕೆ ಇಳಿಸಿದ್ದರು. ಮುಂದೆ ಕಾಲ ಅಳೆಯುವ ಇಂಗಾಲ (ಕಾರ್ಬನ್-14) ಪರೀಕ್ಷೆಗಳು ಬಂದು ದಕ್ಷಿಣದ ನವಶಿಲಾಯುಗದ ಆರಂಭ ಮೂರನೆಯ ಸಹಸ್ರಮಾನಕ್ಕೆ ಹಿಂದೆ ಸರಿಯಿತು. ಪದರಗಳ ಕ್ರಮ ಸರಿಯಿತ್ತು, ವರ್ಷ ತಪ್ಪಿತ್ತು. ಈ ಎರಡೂ ಬೇರೆ ಬೇರೆ ಎಂಬುದು ತಲೆಗೆ ಹೋದರೆ ಅರ್ಧ ಕೋರ್ಸು ಮುಗಿದಂತೆ.

ಅಭ್ಯಾಸಕ್ಕೆಂದು ಯಾವ ಹಳೆಯ ನೆಲೆಯನ್ನೂ ಅಗೆಯಕೂಡದು. ಸರ್ವೇಕ್ಷಣೆಯ ಪರವಾನಗಿ ಇಲ್ಲದೆ ಅದು ಅಪರಾಧ. ಬೇಕಾಗಿಯೂ ಇಲ್ಲ. ರೈತರು ಜೆಸಿಬಿಯಿಂದ ತೆಗೆಸಿದ ಕೃಷಿ ಹೊಂಡಗಳಿವೆ, ಮಾಲೂರು ಕಡೆ ಇಟ್ಟಿಗೆ ಮಣ್ಣು ತೆಗೆದ ಗುಂಡಿಗಳಿವೆ. ಮಾಲೀಕರ ಒಪ್ಪಿಗೆ ಪಡೆದು, ಎದೆಮಟ್ಟಕ್ಕಿಂತ ಎತ್ತರವಿಲ್ಲದ ಒಂದು ಬದಿಯನ್ನು ಆರಿಸಿಕೊಳ್ಳಿ. ಅದಕ್ಕಿಂತ ಎತ್ತರದ ಬದಿ ಯಾವಾಗ ಕುಸಿಯುತ್ತದೋ ಹೇಳಲಾಗದು. ಗಾರೆಯವರ ಕರಣೆಯಿಂದ ಮೇಲಿನಿಂದ ಕೆಳಕ್ಕೆ ಎರಡು ಬೆರಳಷ್ಟು ಮಣ್ಣು ಹೆರೆದು ಹೊಸ ಮುಖ ಬಿಡಿಸಿ. ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಿಂದ ತೆಳುವಾಗಿ ನೀರು ಸಿಂಪಡಿಸಿ ಹತ್ತು ನಿಮಿಷ ಕಾಯಿರಿ. ಜೇಡಿ, ಮರಳು, ಬೂದಿ ಬೇರೆ ಬೇರೆ ವೇಗದಲ್ಲಿ ಒಣಗುವುದರಿಂದ ಗೆರೆಗಳು ತಾವಾಗಿ ಎದ್ದು ಕಾಣುತ್ತವೆ. ಗೆರೆಯುದ್ದಕ್ಕೂ ಮೊಳೆ ಚುಚ್ಚಿ. ಮಟ್ಟದ ದಾರ ಕಟ್ಟಿ, ಅದರಿಂದ ಮೇಲಕ್ಕೂ ಕೆಳಕ್ಕೂ 20 ಸೆಂ.ಮೀ.ಗೊಮ್ಮೆ ಅಳತೆ ತೆಗೆದು ಗ್ರಾಫ್ ಹಾಳೆಗೆ 1:20ರಲ್ಲಿ ಇಳಿಸಿ. 5 ಮೀಟರ್ ಬದಿ ಹಾಳೆಯ ಮೇಲೆ 25 ಸೆಂ.ಮೀ. ಆಗುತ್ತದೆ. ಅಷ್ಟು ಉದ್ದಕ್ಕೆ ದಾರ ನಡುವೆ ಜೋಲುತ್ತದೆ, ಮಧ್ಯೆ ಒಂದು ಮೊಳೆಯ ಆಸರೆ ಕೊಡಿ. ನಮ್ಮ ಕೆಮ್ಮಣ್ಣು ಏಪ್ರಿಲ್ ಬಿಸಿಲಿಗೆ ಬಿಳಚಿಕೊಂಡು ಎಲ್ಲ ಪದರವೂ ಒಂದೇ ಬಣ್ಣವಾಗುತ್ತದೆ. ಆದ್ದರಿಂದ ಈ ಕೆಲಸ ಬೆಳಗ್ಗೆ ಒಂಬತ್ತರೊಳಗೆ ಮುಗಿಯಬೇಕು.

ಹೆಚ್ಚಿನವರು ತಪ್ಪುವುದು ಹಗೇವಿನಂಥ (ಕಾಳು ತುಂಬಿಡುವ ನೆಲದ ಕಣಜ) ಗುಂಡಿಗಳಲ್ಲಿ. ಮೇಲಿನ ಕಾಲದವರು ತೋಡಿದ ಗುಂಡಿ ಕೆಳಗಿನ ಕಾಲದ ನೆಲವನ್ನು ತೂತು ಮಾಡಿಕೊಂಡು ಇಳಿದಿರುತ್ತದೆ. ಅದರ ಅಂಚು ಕಣ್ಣಿಗೆ ಬೀಳದಿದ್ದರೆ ಈಚಿನ ಬೋಕಿ, ಅಂದರೆ ಒಡೆದ ಮಡಕೆಯ ಚೂರು, ಹಳೆಯ ಪದರದ ಬುಟ್ಟಿ ಸೇರಿ, ಇಡೀ ಪದರದ ಕಾಲ ನೂರಾರು ವರ್ಷ ಜಾರುತ್ತದೆ. ಗೆದ್ದಲು, ಹೆಗ್ಗಣ ಮಾಡುವುದೂ ಇದನ್ನೇ.

ಬೋಕಿಗೆ ಎರಡು ದಿನವಾದರೂ ಕೊಡಿ. 1890ರಲ್ಲಿ ಫ್ಲಿಂಡರ್ಸ್ ಪೆಟ್ರಿ ಪ್ಯಾಲೆಸ್ಟೈನಿನ ತೆಲ್ ಎಲ್-ಹೆಸಿ ದಿಬ್ಬದಲ್ಲಿ ಮಡಕೆ ಚೂರುಗಳ ಬದಲಾವಣೆಯಿಂದಲೇ ಪದರಗಳ ಕಾಲ ಹೇಳಬಹುದೆಂದು ತೋರಿಸಿದ ಮೇಲೆ ಆ ನಾಡಿನ ಪುರಾತತ್ತ್ವ ನಿಂತಿರುವುದೇ ಇದರ ಮೇಲೆ. ಕುಂಬಾರರಿಂದ ಗಡಿಗೆ, ಕುಡಿಕೆ, ಬಾನಿ ತಂದು ಒಡೆದು ಬೆರೆಸಿ. ಬಾಯಂಚಿನ ಚೂರನ್ನು ಹಲಗೆಯ ಮೇಲೆ ಬೋರಲಿಟ್ಟು, ಅಡಿಯಲ್ಲಿ ಬೆಳಕು ನುಸುಳದಂತೆ ಓರೆ ಸರಿಮಾಡಿ, ಒಂದೊಂದು ಸೆಂ.ಮೀ. ಅಂತರದಲ್ಲಿ ಬರೆದ ವೃತ್ತಗಳ ಹಾಳೆಗೆ ಹೊಂದಿಸಿದರೆ ಮಡಕೆಯ ಬಾಯಿ ಎಷ್ಟಗಲವೆಂದು ತಿಳಿಯುತ್ತದೆ. ಚೂರು ಪೂರ್ತಿ ವೃತ್ತದ ಶೇ 5ಕ್ಕಿಂತ ಕಡಿಮೆಯಿದ್ದರೆ ಆ ಅಳತೆಯನ್ನು ನಂಬಬೇಡಿ. ತೊಳೆಯುವಾಗಲೂ ಎಚ್ಚರ ಬೇಕು. ಮೊದಲು ಚೂರನ್ನು ನೀರಿನಲ್ಲಿ ಸುಮ್ಮನೆ ಅದ್ದಿ, ಓರೆ ಬೆಳಕಿಗೆ ಹಿಡಿದು ಎರಡೂ ಮುಖ ನೋಡಬೇಕು, ಆಮೇಲೆ ಬ್ರಷ್. ಬೈಬಲ್ ನಾಡಿನ ಹಳೆಯ ಪಟ್ಟಣಗಳಾದ ಸಮಾರ್ಯದಲ್ಲಿ 1910ರಲ್ಲಿ, ಲಾಕೀಷಿನಲ್ಲಿ 1935ರಲ್ಲಿ ಸಿಕ್ಕ ಬರಹಗಳು ಇಂಥ ಚೂರುಗಳ ಮೇಲೆ ಮಸಿಯಲ್ಲಿ ಬರೆದವೇ. ಮೊದಲೇ ಉಜ್ಜಿದ್ದರೆ ಅವು ಬಚ್ಚಲು ನೀರಿನ ಪಾಲಾಗುತ್ತಿದ್ದವು.

ಶಾಸನದ ಅಚ್ಚು ತೆಗೆಯುವುದಕ್ಕೆ ಕೋಲಾರದಂಥ ಜಾಗ ಇನ್ನೊಂದಿಲ್ಲ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ, 1905ರದು, ಪೂರ್ತಿ ಈ ಜಿಲ್ಲೆಯದೇ. ಅಚ್ಚಿನ ಬೆಲೆ ತಿಳಿಯಲು ಬೈಬಲಿನಲ್ಲಿ ಬರುವ ಮೋವಾಬಿನ ಅರಸ ಮೇಷನ ಶಾಸನ ನೋಡಿ: ಅದು 1868ರಲ್ಲಿ ಇಂದಿನ ಜೋರ್ಡಾನಿನ ಧೀಬಾನಿನಲ್ಲಿ ಬೆಳಕಿಗೆ ಬಂತು. ಮರುವರ್ಷ ಅದನ್ನು ಕಾಯಿಸಿ ತಣ್ಣೀರೆರೆದು ಒಡೆದುಹಾಕಿದರು. ಅದಕ್ಕೂ ಮುಂಚೆ ಅವಸರದಲ್ಲಿ ತೆಗೆದ, ಹರಿದಿದ್ದ ಒಂದು ಕಾಗದದ ಅಚ್ಚು ಉಳಿದಿದ್ದರಿಂದ ಚೂರುಗಳನ್ನು ಜೋಡಿಸಿ ಓದಲು ಸಾಧ್ಯವಾಯಿತು. ಅಭ್ಯಾಸಕ್ಕೆ ಹಳೆಯ ಶಾಸನ ಮುಟ್ಟಬೇಡಿ. ಶಿವಾರಪಟ್ಟಣದ ಶಿಲ್ಪಿಗಳಿಂದ ಚಪ್ಪಡಿಯ ಮೇಲೆ ಆ ಶಾಸನದ ಮೊದಲ ಮಾತು, 'ನಾನು ಮೇಷ' ಎಂಬುದನ್ನು, ಅದೇ ಲಿಪಿಯಲ್ಲಿ ಕೆತ್ತಿಸಿ. ಕಲ್ಲು ತೊಳೆದು, ನೆನೆಸಿದ ಕಾಗದ ಹಾಸಿ, ನಡುವಿನಿಂದ ಅಂಚಿಗೆ ಗಾಳಿ ತಳ್ಳಿ, ಗಡಸು ಬ್ರಷ್ಷಿನಿಂದ ಅಕ್ಷರದೊಳಗೆ ಕಾಗದ ಇಳಿಯುವವರೆಗೆ ತಟ್ಟಿ. ಕಾಗದ ಅರೆ ಒಣಗಿದಾಗ ಮಸಿಯುಂಡೆಯಿಂದ ಹಗುರವಾಗಿ ಒತ್ತಬೇಕು. ಹಸಿಯಿದ್ದಾಗ ಒತ್ತಿದರೆ ಮಸಿ ಹರಡಿ ಅಕ್ಷರ ಮುಚ್ಚುತ್ತದೆ, ತಡಮಾಡಿದರೆ ಕಾಗದ ಕಲ್ಲು ಬಿಟ್ಟು ಏಳುತ್ತದೆ.

ಇಂಗಾಲ ಪರೀಕ್ಷೆ ಎಲ್ಲಕ್ಕೂ ಮದ್ದಲ್ಲ ಎಂಬುದನ್ನೂ ಹೇಳಿ. ಕ್ರಿ.ಪೂ. ಸುಮಾರು 800ರಿಂದ 400ರವರೆಗೆ ಅದರ ಅಳತೆಯನ್ನು ವರ್ಷಕ್ಕೆ ಹೊಂದಿಸುವ ತಿದ್ದುಪಡಿ ರೇಖೆ ಚಪ್ಪಟೆಯಾಗಿದೆ. 701ರಲ್ಲಿ ಅಸ್ಸೀರಿಯದವರು ಸುಟ್ಟ ಲಾಕೀಷಿನ ಕಾಳಿಗೂ, 586ರ ಸುಮಾರಿಗೆ ಬಾಬೆಲಿನವರು ಸುಟ್ಟ ಕಾಳಿಗೂ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ. ಅಲ್ಲಿ ಮತ್ತೆ ಬೋಕಿಯೇ ಗತಿ. ಕಾಳು ಹೆಕ್ಕುವ ಅಭ್ಯಾಸಕ್ಕೆ ಒಂದು ಬಕೆಟ್ ಮಣ್ಣಿಗೆ ಎಣಿಸಿದ ಐವತ್ತು ಸುಟ್ಟ ಹುರುಳಿ, ಐವತ್ತು ಸುಟ್ಟ ರಾಗಿ ಬೆರೆಸಿ ನೀರಿನಲ್ಲಿ ಕದಡಿ ತೇಲಿಸಿ, ಎಷ್ಟು ಮರಳಿ ಸಿಕ್ಕವೆಂದು ಎಣಿಸಿ. ದಪ್ಪ ಕಣ್ಣಿನ ಜರಡಿ ಹಿಡಿದವರಿಗೆ ರಾಗಿ ಸಿಕ್ಕುವುದಿಲ್ಲ, ತೆಳು ಬಟ್ಟೆ ಬೇಕು.

ಈ ಬಯಲುಸೀಮೆಯಲ್ಲಿ ಬಂಡೆ ಚಪ್ಪಡಿಗಳ ಹಳೆಯ ಸಮಾಧಿಗಳನ್ನು ಜನ 'ಪಾಂಡವರ ಮನೆ' ಎನ್ನುತ್ತಾರೆ. ಇಸ್ರೇಲಿನ ಮೆಗಿದ್ದೋದಲ್ಲಿ ಸಿಕ್ಕ ಕಂಬಸಾಲಿನ ಕಟ್ಟಡಗಳಿಗೆ 'ಸೊಲೊಮೋನನ ಕುದುರೆ ಲಾಯ' ಎಂಬ ಹೆಸರು ಬಿದ್ದದ್ದೂ ಇದೇ ಬಗೆ. ಅವು ಸೊಲೊಮೋನನಿಗಿಂತ ಈಚಿನವೆಂದು ಆಮೇಲೆ ಹೆಚ್ಚಿನ ವಿದ್ವಾಂಸರು ಒಪ್ಪಿದರು, ಲಾಯವೇ ಹೌದೋ ಎಂಬ ಚರ್ಚೆಯೂ ನಡೆಯಿತು. ಗೊತ್ತಿರುವ ದೊಡ್ಡ ಹೆಸರನ್ನು ಗೊತ್ತಿಲ್ಲದ ಕಲ್ಲಿಗೆ ಕಟ್ಟುವುದು ಭಕ್ತಿಯ ಸಹಜ ಗುಣ. ಅದನ್ನು ಹೀಗಳೆಯದೆ, ಕಾಲನಿರ್ಣಯಕ್ಕೆ ಅದು ಆಧಾರವಾಗದು ಎಂದಷ್ಟೇ ತಿಳಿಸಿದರೆ ಸಾಕು. ನಿಧಿಗಳ್ಳರು ಈ ಸಮಾಧಿಗಳನ್ನು ಬಗೆದು ಮಡಕೆಗಳನ್ನು ಒಡೆದು ಬಿಸಾಡುವುದು ಎಷ್ಟು ದೊಡ್ಡ ನಷ್ಟವೆಂದು ಪದರ ಓದಿದ ವಿದ್ಯಾರ್ಥಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಿ ಸಿಕ್ಕಿತೆಂದು ಗೊತ್ತಿಲ್ಲದ ವಸ್ತು ಮಾರುಕಟ್ಟೆಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಮ್ಮಿನ ಮೃತ ಸಮುದ್ರ ಸುರುಳಿಗಳೆಂಬ (ಬೈಬಲಿನ ಅತಿ ಹಳೆಯ ಹಸ್ತಪ್ರತಿಗಳು) 16 ತುಣುಕುಗಳನ್ನು ಉದಾಹರಿಸಿ. ಅವೆಲ್ಲವೂ ನಕಲಿ ಎಂದು 2020ರಲ್ಲಿ ಪರೀಕ್ಷೆಯ ವರದಿ ಬಂತು.

ಕೊನೆಯ ದಿನದ ಪರೀಕ್ಷೆಗೆ ಎರಡು ಚೀಲ ಬೋಕಿ ಕೊಡಿ. ಒಂದರ ಒಳಗೂ ಹೊರಗೂ ಚೀಟಿ ಇರಲಿ: ಚೌಕ, ಪದರ, ತೆಗೆದ ದಿನ. ಎರಡನೆಯದಕ್ಕೆ ಚೀಟಿಯೇ ಬೇಡ, ಚೂರುಗಳೂ ಬೇರೆ ಬೇರೆ ಕಾಲದವು ಬೆರೆತಿರಲಿ. ಎರಡಕ್ಕೂ ಪದರದ ಕಾಲ ಬರೆಯಲು ಹೇಳಿ. ಎರಡನೆಯ ಚೀಲಕ್ಕೆ 'ಹೇಳಲಾಗದು' ಎಂದು ಬರೆದವರಿಗೇ ಪೂರ್ತಿ ಅಂಕ ಕೊಡಿ.

— ಪುರಾತತ್ತ್ವ ಬೋಧಿಸುವ ಕೆಲವು ಅಧ್ಯಾಪಕರು, ಕೋಲಾರ